ಎಬ್ಬಿಸಿದರೂ ಏಳದ ನಿದ್ದೆ



ನಿದ್ದೆ ಎಲ್ಲರಿಗೂ ಬೇಕು. ದಿನವೆಲ್ಲ ದುಡಿದ ಮೈಗೆ ನಿದ್ದೆ ಬೇಕೇ ಬೇಕು. ನಿದ್ದೆ ಮಾಡುವವರನ್ನು ನಾವು ಎಬ್ಬಿಸಬಹುದು. ಹೆಸರು ಹಿಡಿದು ಕೂಗಿದರೆ "ಹ್ಞಾಂ" ಅನ್ನುತ್ತಾರೆ. ಸೊಳ್ಳೆ ಕಚ್ಚಿದರೆ ಕೈ ಬೀಸುತ್ತಾರೆ. ಮಗು ಅತ್ತರೆ ತಾಯಿ ತಟ್ಟನೆ ಏಳುತ್ತಾಳೆ.

ಇನ್ನೊಂದು ಬಗೆಯ ನಿದ್ದೆ ಇದೆ. ಕೂಗಿದರೂ ಏಳುವುದಿಲ್ಲ. ಅಲುಗಾಡಿಸಿದರೂ ಏಳುವುದಿಲ್ಲ. ಚಿವುಟಿದರೂ ಏಳುವುದಿಲ್ಲ. ನೋಡುವವರಿಗೆ ಅದು ನಿದ್ದೆಯ ಹಾಗೇ ಕಾಣುತ್ತದೆ. ಆದರೆ ಅದು ನಿದ್ದೆಯಲ್ಲ. ಅದು ಜೀವಕ್ಕೆ ಬಂದ ಅಪಾಯ.

"ಕುಡಿದವ್ನೆ, ಮಲಗ್ಲಿ ಬಿಡು. ಬೆಳಗಾದ್ರೆ ಎಲ್ಲಾ ಇಳೀತದೆ." ಈ ಮಾತು ನಾವೆಲ್ಲ ಕೇಳಿದ್ದೇವೆ. ನಾವೂ ಆಡಿದ್ದೇವೆ. ಇಂಥ ಮಾತು ನಂಬಿ ಮಲಗಿಸಿದವರು ಬೆಳಗಾಗುವುದರೊಳಗೆ ಉಸಿರು ನಿಂತು ಹೋಗುವುದುಂಟು.

ನಿದ್ದೆ ಯಾವುದು? ಅಪಾಯ ಯಾವುದು? ಇದನ್ನು ತಿಳಿಯುವುದೇ ಈ ಪಾಠ.

ಮೆದುಳು ಏನು ಮಾಡುತ್ತದೆ?

ನಮ್ಮ ತಲೆಬುರುಡೆಯ ಒಳಗೆ ಮೆದುಳು ಇದೆ. ದೊಡ್ಡವರ ಮೆದುಳಿನ ತೂಕ ಸುಮಾರು ಒಂದೂಕಾಲು ಕಿಲೋದಿಂದ ಒಂದೂವರೆ ಕಿಲೋ. ಮೆದುಳಿನ ಬುಡದಿಂದ ಒಂದು ಹುರಿ ಹೊರಟು ಬೆನ್ನುಮೂಳೆಯ ಒಳಗೆ ಇಳಿಯುತ್ತದೆ. ಅದಕ್ಕೆ ಬೆನ್ನುಹುರಿ ಎಂದು ಹೆಸರು. ಮೆದುಳು ಮತ್ತು ಬೆನ್ನುಹುರಿ ಎರಡನ್ನೂ ಸೇರಿಸಿ ಕೇಂದ್ರ ನರಮಂಡಲ ಎನ್ನುತ್ತಾರೆ.

ಮೈಯ ಎಲ್ಲ ಕೆಲಸಕ್ಕೂ ಅಪ್ಪಣೆ ಹೋಗುವುದು ಇಲ್ಲಿಂದಲೇ. ಮೆದುಳಿನ ಮೇಲ್ಭಾಗದಿಂದ ನಾವು ಯೋಚಿಸುತ್ತೇವೆ, ಮಾತಾಡುತ್ತೇವೆ. ಒಳ್ಳೆಯದು ಕೆಟ್ಟದ್ದು ತಿಳಿಯುತ್ತೇವೆ. ಹಿಂಭಾಗದಲ್ಲಿ ಚಿಕ್ಕ ಮೆದುಳು ಇದೆ. ತಲೆಯ ಮೇಲೆ ಕೊಡ ಹೊತ್ತು ಬೀಳದೆ ನಡೆಯುವುದು ಅದರಿಂದ. ಮೆದುಳಿನ ಬುಡದಿಂದ ಉಸಿರಾಟ ನಡೆಯುತ್ತದೆ. ಗುಂಡಿಗೆಯ ಬಡಿತ ಹೆಚ್ಚು ಕಡಿಮೆ ಮಾಡುವುದೂ ಅದೇ.

ಉಸಿರಾಡಬೇಕು ಎಂದು ನಾವು ನೆನಪು ಇಟ್ಟುಕೊಳ್ಳುವುದಿಲ್ಲ. ನಿದ್ದೆಯಲ್ಲೂ ಉಸಿರಾಡುತ್ತೇವೆ. ಮೆದುಳಿನ ಬುಡ ಹಗಲೂ ರಾತ್ರಿ ಎಚ್ಚರವಿದ್ದು ಆ ಕೆಲಸ ನೋಡಿಕೊಳ್ಳುತ್ತದೆ.

ಬತ್ತಿ ಇಳಿಸಿದ ಲಾಟೀನು

ಲಾಟೀನಿನ ಬತ್ತಿಯನ್ನು ಇಳಿಸಿದರೆ ಏನಾಗುತ್ತದೆ? ಬೆಳಕು ಕಡಿಮೆಯಾಗುತ್ತದೆ. ಇನ್ನೂ ಇಳಿಸಿದರೆ ಮಿಣುಕು ಮಿಣುಕು ಉರಿಯುತ್ತದೆ. ಇನ್ನೂ ಇಳಿಸಿದರೆ ಆರಿಹೋಗುತ್ತದೆ.

ಕೆಲವು ವಸ್ತುಗಳು ಮೈಗೆ ಸೇರಿದರೆ ಮೆದುಳು ಹೀಗೇ ಮಂಕಾಗುತ್ತದೆ. ಅದರ ಕೆಲಸ ನಿಧಾನವಾಗುತ್ತದೆ. ವೈದ್ಯರು ಇದನ್ನು ಸಿ.ಎನ್.ಎಸ್. ಡಿಪ್ರೆಷನ್ ಎನ್ನುತ್ತಾರೆ. ಕೇಂದ್ರ ನರಮಂಡಲ ಕುಗ್ಗುವುದು ಎಂದು ಇದರ ಅರ್ಥ. ನಾವು ಇಲ್ಲಿ ಮೆದುಳು ಮಂಕಾಗುವುದು ಎನ್ನೋಣ.

ಇಲ್ಲಿ ಒಂದು ಮಾತು. ಮನಸ್ಸಿಗೆ ಬರುವ ಖಿನ್ನತೆ ಕಾಯಿಲೆಗೂ ಡಿಪ್ರೆಷನ್ ಎನ್ನುತ್ತಾರೆ. ಅದು ಬೇರೆ, ಇದು ಬೇರೆ. ಖಿನ್ನತೆಯಲ್ಲಿ ಮನಸ್ಸು ಸೋಲುತ್ತದೆ. ಇಲ್ಲಿ ಉಸಿರೇ ಸೋಲುತ್ತದೆ.

ಮೆದುಳು ಮಂಕಾಗುವಾಗ ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ ಬರುತ್ತದೆ.

ಮೊದಲು ಬುದ್ಧಿ ಮಂಕಾಗುತ್ತದೆ. ಹೇಳಬಾರದ ಮಾತು ಹೇಳುತ್ತಾರೆ. ಮಾತು ತೊದಲುತ್ತದೆ.

ಆಮೇಲೆ ನಡಿಗೆ ತಪ್ಪುತ್ತದೆ. ಓಲಾಡುತ್ತಾರೆ, ಬೀಳುತ್ತಾರೆ.

ಆಮೇಲೆ ಎಚ್ಚರ ಹೋಗುತ್ತದೆ. ಕೂಗಿದರೂ ಏಳುವುದಿಲ್ಲ.

ಕೊನೆಗೆ ಮೆದುಳಿನ ಬುಡ ಮಂಕಾಗುತ್ತದೆ. ಉಸಿರು ನಿಧಾನವಾಗುತ್ತದೆ. ಉಸಿರು ನಿಂತೂ ಹೋಗಬಹುದು. ಉಸಿರು ನಿಂತರೆ ನಾಲ್ಕೈದು ನಿಮಿಷದಲ್ಲೇ ಮೆದುಳಿಗೆ ಪೆಟ್ಟು ಬೀಳಲು ಶುರುವಾಗುತ್ತದೆ.

ಯಾವುದರಿಂದ ಹೀಗಾಗುತ್ತದೆ?

ಮೊದಲನೆಯದು ಹೆಂಡ. ಬ್ರಾಂಡಿ, ವಿಸ್ಕಿ, ರಮ್ಮು, ಬಿಯರು, ಸೇಂದಿ ಎಲ್ಲದರಲ್ಲೂ ಇರುವುದು ಮದ್ಯಸಾರ. ಬಣ್ಣ ಬೇರೆ, ಬಾಟಲಿ ಬೇರೆ. ಕೆಲಸ ಒಂದೇ. ಕುಡಿದವರಿಗೆ ಹುರುಪು ಬಂದ ಹಾಗೆ ಕಾಣುತ್ತದೆ. ಅದು ಹುರುಪಲ್ಲ. ಬೇಡ ಎಂದು ತಡೆಯುವ ಬುದ್ಧಿ ಮಂಕಾಗಿರುತ್ತದೆ.

ಎರಡನೆಯದು ನಿದ್ದೆ ಮಾತ್ರೆ. ಗಾಬರಿ ಕಡಿಮೆ ಮಾಡುವ ಕೆಲವು ಮಾತ್ರೆಗಳೂ ಇದೇ ಗುಂಪಿಗೆ ಸೇರಿವೆ.

ಮೂರನೆಯದು ಅಫೀಮು ಮತ್ತು ಅದರ ಜಾತಿಯ ಔಷಧಿಗಳು. ತುಂಬಾ ನೋವಿಗೆ ಕೊಡುವ ಕೆಲವು ಮಾತ್ರೆ, ಸೂಜಿಮದ್ದುಗಳು ಈ ಜಾತಿಯವು. ಕೆಲವು ಕೆಮ್ಮಿನ ಔಷಧಿಗಳಲ್ಲೂ ಇದು ಇರುತ್ತದೆ.

ನಾಲ್ಕನೆಯದು ಫಿಟ್ಸ್ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳು.

ಈ ಮಾತ್ರೆಗಳು ಕೆಟ್ಟವಲ್ಲ. ವೈದ್ಯರು ಹೇಳಿದಷ್ಟು, ಹೇಳಿದ ಹೊತ್ತಿಗೆ ತೆಗೆದುಕೊಂಡರೆ ಒಳ್ಳೆಯದು ಮಾಡುತ್ತವೆ. ಫಿಟ್ಸ್ ಮಾತ್ರೆಯನ್ನು ಹೆದರಿ ನಿಲ್ಲಿಸಬಾರದು. ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಜೋರಾಗಿ ಬರುತ್ತದೆ. ಆದರೆ ಲೆಕ್ಕ ತಪ್ಪಿದರೆ ಮದ್ದೇ ವಿಷ.

ಎಲ್ಲಕ್ಕಿಂತ ದೊಡ್ಡ ಅಪಾಯ ಒಂದಿದೆ. ಹೆಂಡ ಕುಡಿದ ಮೇಲೆ ಇಂಥ ಮಾತ್ರೆ ನುಂಗುವುದು. ಎರಡೂ ಸೇರಿ ಒಂದೇ ಬತ್ತಿಯನ್ನು ಇಳಿಸುತ್ತವೆ. ಬರೀ ಹೆಂಡ, ಬರೀ ಮಾತ್ರೆ ತಡೆದುಕೊಂಡವರು ಎರಡೂ ಸೇರಿದಾಗ ತಡೆಯಲಾರರು.

ಮಲಗಿದ ಮೇಲೂ ಅಮಲು ಏರುತ್ತದೆ

ಕುಡಿದ ಹೆಂಡ ಹೊಟ್ಟೆಗೆ, ಕರುಳಿಗೆ ಇಳಿಯುತ್ತದೆ. ಅಲ್ಲಿಂದ ರಕ್ತಕ್ಕೆ ಸೇರುತ್ತದೆ. ರಕ್ತದಿಂದ ಮೆದುಳಿಗೆ ಹೋಗುತ್ತದೆ. ಬೇಗ ಬೇಗ ಕುಡಿದವರು ಮಲಗಿದ ಮೇಲೂ ಹೊಟ್ಟೆಯಲ್ಲಿ ಹೆಂಡ ಇರುತ್ತದೆ. ಅದು ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಅಂದರೆ, ಮಲಗಿದ ಮೇಲೂ ಅಮಲು ಏರಬಹುದು.

ಇಳಿಯುವುದು ಹೇಗೆ? ಹೆಚ್ಚಿನ ಕೆಲಸ ಮಾಡುವುದು ಪಿತ್ತಜನಕಾಂಗ, ಅಂದರೆ ಲಿವರ್. ಅದು ಅವಸರ ಮಾಡುವುದಿಲ್ಲ. 30 ಎಂ.ಎಲ್. ಬ್ರಾಂಡಿಯ ಮದ್ಯಸಾರ ಕರಗಿಸಲು ಅದಕ್ಕೆ ಒಂದು ಗಂಟೆ ಅಥವಾ ಸ್ವಲ್ಪ ಹೆಚ್ಚು ಬೇಕು. ಒಂದು ಕ್ವಾರ್ಟರ್ ಬಾಟಲಿಯಲ್ಲಿ 180 ಎಂ.ಎಲ್. ಇರುತ್ತದೆ. 180ರಲ್ಲಿ ಎಷ್ಟು 30? ಆರು. ಹಾಗಾದರೆ ಒಂದು ಕ್ವಾರ್ಟರ್ ಇಳಿಯಲು ಆರರಿಂದ ಎಂಟು ಗಂಟೆ ಬೇಕು.

ಮಜ್ಜಿಗೆ, ನಿಂಬೆಹಣ್ಣು, ಕಾಫಿ ಯಾವುದೂ ಲಿವರನ್ನು ಓಡಿಸುವುದಿಲ್ಲ. ತಲೆಯ ಮೇಲೆ ತಣ್ಣೀರು ಸುರಿದರೂ ಅಷ್ಟೇ. ಹೊತ್ತು ಒಂದೇ ಅದನ್ನು ಇಳಿಸುವುದು. ಆ ಹೊತ್ತಿನಲ್ಲಿ ಉಸಿರು ನಿಲ್ಲದಂತೆ ಕಾಯುವುದು ನಮ್ಮ ಕೆಲಸ.

ಒಂದು ರಾತ್ರಿ

ಈಗ ಒಂದು ಮನೆಯ ಕಥೆ ಓದೋಣ. ಇದು ಯಾರ ಮನೆಯ ಕಥೆಯೂ ಆಗಬಹುದು.

ಗಂಡ ಕೂಲಿ ಕೆಲಸದವನು. ಆ ದಿನ ಬಟವಾಡೆ ಆಗಿತ್ತು. ರಾತ್ರಿ ಒಂಬತ್ತಕ್ಕೆ ಓಲಾಡಿಕೊಂಡು ಬಂದ. ಊಟ ಬೇಡ ಎಂದ. ಜಗಲಿಯ ಮೇಲೇ ಅಂಗಾತ ಬಿದ್ದುಕೊಂಡ. ಸ್ವಲ್ಪ ಹೊತ್ತಿಗೆ ಗೊರಕೆ ಶುರುವಾಯಿತು.

ಹತ್ತು ಗಂಟೆಗೆ ಹೆಂಡತಿ ಹೊದಿಕೆ ತಂದಳು. ಗೊರಕೆ ದಿನದ ಹಾಗೆ ಇರಲಿಲ್ಲ. ಗಂಟಲಲ್ಲಿ ಗೊರಗೊರ ಸದ್ದು. ಸದ್ದಿನ ನಡುವೆ ಬಹಳ ಹೊತ್ತು ಸುಮ್ಮನೆ.

"ಅತ್ತೆಮ್ಮಾ, ಬಂದು ನೋಡಿ. ಯಾಕೋ ಸರಿ ಇಲ್ಲ."

"ಕುಡಿದವ್ನೆ ಕಣವ್ವ. ಮಲಗ್ಲಿ ಬಿಡು. ಎಬ್ಬಿಸಿದ್ರೆ ಜಗಳ ತೆಗೀತಾನೆ."

"ಎಬ್ಬಿಸಿದ್ರೂ ಏಳ್ತಾ ಇಲ್ಲ ಅತ್ತೆ. ಭುಜ ಹಿಡಿದು ಅಲ್ಲಾಡಿಸ್ದೆ. ಕಿವಿ ಚಿವುಟ್ದೆ. ಹ್ಞೂಂ ಅನ್ನಲಿಲ್ಲ."

ಸೊಸೆ ಗಡಿಯಾರ ನೋಡಿಕೊಂಡು ಅವನ ಎದೆ ಏಳುವುದನ್ನು ಎಣಿಸಿದಳು. ಒಂದು, ಎರಡು, ಮೂರು. ಒಂದು ನಿಮಿಷಕ್ಕೆ ಏಳೇ ಉಸಿರು. ಸೀಮೆಎಣ್ಣೆ ಬುಡ್ಡಿಯಲ್ಲ, ಮೊಬೈಲಿನ ಬೆಳಕು ಹಿಡಿದು ತುಟಿ ನೋಡಿದಳು. ತುಟಿ ನೀಲಿಗಟ್ಟುತ್ತಿತ್ತು.

"ಇದು ನಿದ್ದೆ ಅಲ್ಲ ಕಣತ್ತೆ. ಮೈದುನನ್ನ ಕೂಗಿ. 108ಕ್ಕೆ ಫೋನ್ ಮಾಡಿಸಿ. ಉಸಿರು ನಿಧಾನ ಆಗ್ತಿದೆ ಅಂತ ಹೇಳಿಸಿ."

ಅತ್ತೆ, ಸೊಸೆ ಇಬ್ಬರೂ ಸೇರಿ ಅವನನ್ನು ಎಡಮಗ್ಗುಲಿಗೆ ತಿರುಗಿಸಿದರು. ತಿರುಗಿಸಿದ ಕೂಡಲೇ ಬಾಯಿಂದ ವಾಂತಿ ಹೊರಗೆ ಹರಿಯಿತು. ಅಂಗಾತ ಇದ್ದಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತಿತ್ತು. ಅಂಗಿ ಜೇಬಿನಲ್ಲಿ ಮಾತ್ರೆ ಪಟ್ಟಿ ಸಿಕ್ಕಿತು. ಬೆನ್ನು ನೋವಿಗೆ ಯಾರೋ ಕೊಟ್ಟಿದ್ದರು. ಎರಡು ಮಾತ್ರೆ ಖಾಲಿ. ಸೊಸೆ ಪಟ್ಟಿಯನ್ನು ಸೆರಗಿಗೆ ಗಂಟು ಹಾಕಿಕೊಂಡಳು.

ಆಸ್ಪತ್ರೆಯಲ್ಲಿ ವೈದ್ಯರು ಕೇಳಿದ್ದೇ ಅದನ್ನು. "ಹೆಂಡದ ಜೊತೆ ಬೇರೇನಾದ್ರೂ ತಗೊಂಡಿದ್ರಾ?" ಪಟ್ಟಿ ನೋಡಿದ ಕೂಡಲೇ ಯಾವ ಸೂಜಿಮದ್ದು ಬೇಕೆಂದು ಅವರಿಗೆ ತಿಳಿಯಿತು. ಬೆಳಗಿನ ಜಾವ ಗಂಡ ಕಣ್ಣು ಬಿಟ್ಟ.

ಸೊಸೆ ಏನು ಮಾಡಿದಳು? ಎಬ್ಬಿಸಿ ನೋಡಿದಳು. ಉಸಿರು ಎಣಿಸಿದಳು. ಸಹಾಯ ಕರೆಸಿದಳು. ಮಗ್ಗುಲಿಗೆ ತಿರುಗಿಸಿದಳು. ಮಾತ್ರೆ ಪಟ್ಟಿ ತಂದಳು. ಐದು ಕೆಲಸ. ಐದೂ ನಾವು ಮಾಡಬಲ್ಲ ಕೆಲಸ.

ನಾವು ಮಾಡಬೇಕಾದ ಐದು ಕೆಲಸ

1. ಎಬ್ಬಿಸಿ ನೋಡಿ. ಕಿವಿಯ ಹತ್ತಿರ ಹೆಸರು ಹಿಡಿದು ಜೋರಾಗಿ ಕೂಗಿ. ಭುಜ ಅಲುಗಾಡಿಸಿ. ಕಿವಿಯ ತುದಿ ಬಲವಾಗಿ ಚಿವುಟಿ. ಕಣ್ಣು ಬಿಡದಿದ್ದರೆ, ಮಾತಾಡದಿದ್ದರೆ ಅಪಾಯ.

2. ಉಸಿರು ನೋಡಿ, ಎಣಿಸಿ. ಎದೆ ಒಂದು ಸಲ ಏರಿ ಇಳಿದರೆ ಒಂದು ಉಸಿರು. ಸುಮ್ಮನೆ ಕುಳಿತ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. 8ಕ್ಕಿಂತ ಕಡಿಮೆ ಇದ್ದರೆ ತುಂಬಾ ಅಪಾಯ. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ 10 ಸೆಕೆಂಡ್ ಆದರೂ ಅಪಾಯ. ತುಟಿ, ಉಗುರು ನೀಲಿಯಾದರೆ ಅಪಾಯ. ಮೈ ತಣ್ಣಗಾದರೆ ಅಪಾಯ. ಗಂಟಲಲ್ಲಿ ಗೊರಗೊರ ಸದ್ದು ಬಂದರೆ ಅದು ಒಳ್ಳೆಯ ನಿದ್ದೆಯ ಗೊರಕೆಯಲ್ಲ. ಇವುಗಳಲ್ಲಿ ಒಂದೇ ಒಂದು ಕಂಡರೂ ಸಾಕು, ಉಳಿದದ್ದಕ್ಕೆ ಕಾಯಬೇಡಿ.

3. 108ಕ್ಕೆ ಕರೆ ಮಾಡಿ. ಇದು ಉಚಿತ. ಊರಿನ ಹೆಸರು, ಗುರುತಿನ ಜಾಗ ಹೇಳಿ. "ಎಚ್ಚರ ಇಲ್ಲ, ಉಸಿರು ನಿಧಾನ" ಎಂದು ಹೇಳಿ. ಗಾಡಿ ಬರುವುದು ತಡವಾದರೆ ಸಿಕ್ಕ ಗಾಡಿಯಲ್ಲಿ ಆಸ್ಪತ್ರೆಗೆ ಹೊರಡಿ.

4. ಮಗ್ಗುಲಿಗೆ ತಿರುಗಿಸಿ. ಎಡಮಗ್ಗುಲಾದರೆ ಒಳ್ಳೆಯದು. ಮೇಲಿನ ಕಾಲನ್ನು ಮಂಡಿಯಲ್ಲಿ ಮಡಿಸಿ ಮುಂದಕ್ಕೆ ಇಡಿ. ಮೇಲಿನ ಕೈಯನ್ನು ಕೆನ್ನೆಯ ಕೆಳಗೆ ಇಡಿ. ತಲೆ ಸ್ವಲ್ಪ ಹಿಂದಕ್ಕೆ ಬಾಗಲಿ, ಬಾಯಿ ನೆಲದ ಕಡೆ ಇರಲಿ. ಹೀಗಿದ್ದರೆ ನಾಲಗೆ ಹಿಂದಕ್ಕೆ ಬಿದ್ದು ಉಸಿರು ಕಟ್ಟುವುದಿಲ್ಲ. ವಾಂತಿಯಾದರೆ ಹೊರಗೆ ಬರುತ್ತದೆ. ಹೊದಿಕೆ ಹೊದಿಸಿ. ಒಬ್ಬರನ್ನೇ ಬಿಟ್ಟು ಹೋಗಬೇಡಿ.

5. ಗುರುತು ತನ್ನಿ. ಹತ್ತಿರ ಬಿದ್ದ ಮಾತ್ರೆ ಪಟ್ಟಿ, ಬಾಟಲಿ, ಪ್ಯಾಕೆಟ್ಟು ಎಲ್ಲವನ್ನೂ ಆಸ್ಪತ್ರೆಗೆ ತನ್ನಿ. ಖಾಲಿ ಪಟ್ಟಿಯೂ ಬೇಕು.

ಉಸಿರು ಪೂರಾ ನಿಂತರೆ? ಆಗ ಅಂಗಾತ ಮಲಗಿಸಿ. ಎದೆಯ ನಡುವೆ ಒಂದು ಅಂಗೈ, ಅದರ ಮೇಲೆ ಇನ್ನೊಂದು ಅಂಗೈ ಇಡಿ. ಮೊಣಕೈ ಮಡಿಸದೆ ಬಲವಾಗಿ, ಬೇಗ ಬೇಗ ಒತ್ತಿ. ನಿಮಿಷಕ್ಕೆ 100ರಿಂದ 120 ಸಲ. ಗಾಡಿ ಬರುವವರೆಗೂ ಬಿಡಬೇಡಿ. ಸುಸ್ತಾದರೆ ಇನ್ನೊಬ್ಬರು ಒತ್ತಲಿ. ಆಶಾ ಕಾರ್ಯಕರ್ತೆ ಅಥವಾ ನರ್ಸ್ ಅವರನ್ನು ಕೇಂದ್ರಕ್ಕೆ ಕರೆದು ಇದನ್ನು ಕೈಯಾರೆ ಕಲಿಯೋಣ.

ಮಾಡಬಾರದ ಕೆಲಸ

ಎಚ್ಚರ ಇಲ್ಲದವರ ಬಾಯಿಗೆ ಏನನ್ನೂ ಹಾಕಬಾರದು. ನೀರೂ ಬೇಡ, ಮಜ್ಜಿಗೆಯೂ ಬೇಡ, ಹುಣಸೆಹುಳಿಯೂ ಬೇಡ. ಅವರಿಗೆ ನುಂಗಲು ಬರುವುದಿಲ್ಲ. ಅದು ಶ್ವಾಸಕೋಶಕ್ಕೆ ಹೋಗುತ್ತದೆ.

ಉಪ್ಪುನೀರು ಕುಡಿಸಿ, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬಾರದು.

ತಣ್ಣೀರು ಸುರಿಯಬಾರದು. ಹೆಂಡ ಕುಡಿದ ಮೈ ಬೇಗ ತಣ್ಣಗಾಗುತ್ತದೆ. ನೀರು ಸುರಿದರೆ ಇನ್ನೂ ತಣ್ಣಗಾಗುತ್ತದೆ.

ಈರುಳ್ಳಿ, ಚಪ್ಪಲಿ ಮೂಸಿಸುತ್ತಾ ಹೊತ್ತು ಕಳೆಯಬಾರದು.

"ಕುಡಿದಿದ್ದಾನೆ" ಎಂದು ನಾವೇ ತೀರ್ಮಾನ ಮಾಡಬಾರದು. ಸಕ್ಕರೆ ಕಾಯಿಲೆಯವರಿಗೆ ರಕ್ತದಲ್ಲಿ ಸಕ್ಕರೆ ತೀರಾ ಇಳಿದರೆ ಅವರೂ ತೊದಲುತ್ತಾರೆ, ಓಲಾಡುತ್ತಾರೆ, ಎಚ್ಚರ ತಪ್ಪುತ್ತಾರೆ. ಬಿದ್ದು ತಲೆಗೆ ಪೆಟ್ಟಾದವರೂ ಹಾಗೇ ಮಲಗಿರುತ್ತಾರೆ. ಕುಡಿದವರೇ ಬಿದ್ದು ತಲೆ ಒಡೆದುಕೊಂಡಿರಬಹುದು. ಬಾಯಲ್ಲಿ ವಾಸನೆ ಬಂತು ಎಂದು ಉಳಿದದ್ದನ್ನು ಮರೆಯಬಾರದು.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ಮೊದಲು ಉಸಿರು ಸರಿ ಮಾಡುತ್ತಾರೆ. ಆಮ್ಲಜನಕ ಕೊಡುತ್ತಾರೆ. ಬೇಕಾದರೆ ಯಂತ್ರದಿಂದ ಉಸಿರಾಡಿಸುತ್ತಾರೆ. ರಕ್ತದಲ್ಲಿ ಸಕ್ಕರೆ ಎಷ್ಟಿದೆ ನೋಡುತ್ತಾರೆ. ಕಡಿಮೆ ಇದ್ದರೆ ಗ್ಲೂಕೋಸ್ ಕೊಡುತ್ತಾರೆ. ಅಫೀಮು ಜಾತಿಯ ಮದ್ದು ಹೆಚ್ಚಾಗಿದ್ದರೆ ಅದಕ್ಕೆ ನಲಾಕ್ಸೋನ್ ಎಂಬ ಸೂಜಿಮದ್ದು ಇದೆ. ಹೆಂಡಕ್ಕೆ ಅಂಥ ಎದುರು ಮದ್ದು ಇಲ್ಲ. ಅದು ಇಳಿಯುವವರೆಗೆ ಉಸಿರು ಕಾಯಬೇಕು. ಅದಕ್ಕೇ ಆಸ್ಪತ್ರೆ ಬೇಕು.

ಸ್ವಲ್ಪ ಎಚ್ಚರವಾದ ಕೂಡಲೇ ಮನೆಗೆ ಕರೆದುಕೊಂಡು ಬರಬಾರದು. ಆ ಸೂಜಿಮದ್ದಿನ ಬಲ ಬೇಗ ಇಳಿಯುತ್ತದೆ. ಮೈಯಲ್ಲಿ ಉಳಿದ ವಿಷ ಮತ್ತೆ ಮೆದುಳನ್ನು ಮಂಕು ಮಾಡಬಹುದು. ವೈದ್ಯರು ಹೋಗಿ ಎಂದ ಮೇಲೆಯೇ ಬರಬೇಕು.

ಕಳ್ಳಭಟ್ಟಿಯ ವಿಷ

ಕಳ್ಳಭಟ್ಟಿಯಲ್ಲಿ ಇನ್ನೊಂದು ಕೇಡು ಇದೆ. ಅದರಲ್ಲಿ ಕೆಲವು ಸಲ ಮೆಥನಾಲ್ ಎಂಬ ವಿಷ ಸೇರಿರುತ್ತದೆ. ಕಾರ್ಖಾನೆಗಳಲ್ಲಿ ಬಳಸುವ ವಸ್ತು ಅದು. ರುಚಿಯಿಂದ, ವಾಸನೆಯಿಂದ ನಮಗೆ ಗೊತ್ತಾಗುವುದಿಲ್ಲ. ಕುಡಿದಾಗ ಮಾಮೂಲಿ ಅಮಲು. ಅರ್ಧ ದಿನವೋ ಒಂದು ದಿನವೋ ಕಳೆದ ಮೇಲೆ ಹೊಟ್ಟೆನೋವು, ವಾಂತಿ ಬರುತ್ತದೆ. ಕಣ್ಣು ಮಂಜಾಗುತ್ತದೆ. ಕಣ್ಣು ಪೂರಾ ಹೋಗಬಹುದು, ಜೀವವೂ ಹೋಗಬಹುದು.

1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ವಿಷದ ಹೆಂಡ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. 2024ರ ಜೂನ್‌ನಲ್ಲಿ ತಮಿಳುನಾಡಿನ ಕಳ್ಳಕುರಿಚಿಯಲ್ಲಿ ಅರವತ್ತಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಕೂಲಿ ಮಾಡುವ ಬಡವರು.

ಕುಡಿದ ಮಾರನೆಯ ದಿನ "ಕಣ್ಣು ಮಂಜು" ಎಂದರೆ ಒಂದು ಗಳಿಗೆಯೂ ಕಾಯಬೇಡಿ. ದೊಡ್ಡ ಆಸ್ಪತ್ರೆಗೆ ಹೋಗಿ. ಬೇಗ ಹೋದರೆ ಚಿಕಿತ್ಸೆ ಇದೆ. ಜೊತೆಯಲ್ಲಿ ಕುಡಿದವರನ್ನೂ ಕರೆದುಕೊಂಡು ಹೋಗಿ.

ಮಕ್ಕಳು, ಹಿರಿಯರು

ಶೀತ ಆಯಿತು ಎಂದು ಕೂಸಿನ ಬಾಯಿಗೆ ಬ್ರಾಂಡಿ ಹಾಕುವವರಿದ್ದಾರೆ. ಇದು ತಪ್ಪು. ಕೂಸಿನ ಮೈ ಚಿಕ್ಕದು. ಒಂದು ಚಮಚೆ ಬ್ರಾಂಡಿಯೂ ಅದಕ್ಕೆ ಹೆಚ್ಚು. ಕೂಸಿನ ರಕ್ತದಲ್ಲಿ ಸಕ್ಕರೆ ಇಳಿಯುತ್ತದೆ. ಕೂಸು ಮಂಕಾಗುತ್ತದೆ. ಬಾಣಂತಿಗೂ ಬ್ರಾಂಡಿ ಬೇಡ. ಅದು ಎದೆಹಾಲಿಗೆ ಸೇರುತ್ತದೆ.

ಮಗು ಸುಮ್ಮನೆ ಮಲಗಲಿ ಎಂದು ಕೆಮ್ಮಿನ ಔಷಧಿ, ನೆಗಡಿ ಔಷಧಿ ಕೊಡಬಾರದು. ಅವುಗಳಲ್ಲಿ ಕೆಲವು ಮಂಕು ತರುತ್ತವೆ. ಒಂದು ಬಗೆಯ ನೆಗಡಿ ಔಷಧಿಯನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಎಂದು 2023ರಲ್ಲಿ ಸರ್ಕಾರ ತಿಳಿಸಿದೆ. ದೊಡ್ಡವರ ಮಾತ್ರೆಯನ್ನು ಅರ್ಧ ಮಾಡಿ ಮಗುವಿಗೆ ಕೊಡುವುದೂ ತಪ್ಪು.

ವಯಸ್ಸಾದವರ ಮೈಯಿಂದ ಮದ್ದು ಬೇಗ ಹೊರಗೆ ಹೋಗುವುದಿಲ್ಲ. ನಿದ್ದೆ ಮಾತ್ರೆ ನುಂಗಿದ ಅಜ್ಜಿ ರಾತ್ರಿ ಎದ್ದು ಹೋಗುವಾಗ ಬಿದ್ದು ಸೊಂಟ ಮುರಿದುಕೊಳ್ಳಬಹುದು. ಹೊಸ ಮಾತ್ರೆ ಶುರು ಮಾಡಿದ ಮೇಲೆ ಹಗಲೂ ತೂಕಡಿಸುತ್ತಿದ್ದರೆ ವೈದ್ಯರಿಗೆ ಹೇಳಿ.

ಮಾತ್ರೆ ಪಟ್ಟಿಯ ಹಿಂದೆ ಕೆಂಪು ಗೆರೆ ಇರುತ್ತದೆ, ನೋಡಿದ್ದೀರಾ? ವೈದ್ಯರ ಚೀಟಿ ಇಲ್ಲದೆ ತೆಗೆದುಕೊಳ್ಳಬಾರದು ಎಂದು ಅದರ ಅರ್ಥ. ಅಕ್ಷರ ಬಾರದವರಿಗೂ ತಿಳಿಯುವ ಗುರುತು ಅದು. ಪಕ್ಕದ ಮನೆಯವರ ಮಾತ್ರೆ ನಮಗೆ ಬೇಡ. ನಮ್ಮದು ಅವರಿಗೆ ಬೇಡ. ಎಲ್ಲ ಮಾತ್ರೆಗಳನ್ನೂ ಮಕ್ಕಳ ಕೈಗೆ ಸಿಗದಂತೆ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡೋಣ.

ಹೆದರಿ ಮುಚ್ಚಿಡಬೇಡಿ

ಕಷ್ಟ ತಡೆಯಲಾರದೆ ಮಾತ್ರೆ ನುಂಗಿದವರು ಇರುತ್ತಾರೆ. ಹೆಚ್ಚಾಗಿ ಮನೆಯವರು ಏನು ಮಾಡುತ್ತಾರೆ? "ಪೊಲೀಸ್ ಕೇಸ್ ಆಗ್ತದೆ, ಮರ್ಯಾದೆ ಹೋಗ್ತದೆ" ಎಂದು ಮುಚ್ಚಿಡುತ್ತಾರೆ. ಅಷ್ಟರಲ್ಲಿ ಹೊತ್ತು ಮೀರುತ್ತದೆ.

2017ರಲ್ಲಿ ಮಾನಸಿಕ ಆರೋಗ್ಯ ಕಾಯಿದೆ ಬಂದಿದೆ. ಹಾಗೆ ಮಾಡಿಕೊಂಡವರು ತುಂಬಾ ಒತ್ತಡದಲ್ಲಿದ್ದರು ಎಂದೇ ತಿಳಿಯಬೇಕು, ಅವರನ್ನು ಶಿಕ್ಷಿಸಬಾರದು, ಸರ್ಕಾರ ಆರೈಕೆ ಮಾಡಬೇಕು ಎಂದು ಅದು ಹೇಳುತ್ತದೆ. ಆದ್ದರಿಂದ ವೈದ್ಯರಿಗೆ ನಿಜ ಹೇಳಿ. ನಿಜ ಹೇಳಿದರೆ ಸರಿಯಾದ ಮದ್ದು ಸಿಗುತ್ತದೆ.

ಎಚ್ಚರವಾದ ಮೇಲೆ ಬೈಯಬೇಡಿ. ಹತ್ತಿರ ಕುಳಿತು ಕೇಳಿ. ನಮ್ಮಲ್ಲಿ ಯಾರಿಗಾದರೂ ಮನಸ್ಸಿಗೆ ಭಾರವಾದರೆ 14416ಕ್ಕೆ ಕರೆ ಮಾಡಬಹುದು. ಅದು ಟೆಲಿ ಮಾನಸ್ ಎಂಬ ಸರ್ಕಾರದ ಸಹಾಯವಾಣಿ. 2022ರಲ್ಲಿ ಶುರುವಾಯಿತು. ಹಗಲೂ ರಾತ್ರಿ ಇರುತ್ತದೆ. ಕನ್ನಡದಲ್ಲೇ ಮಾತಾಡಬಹುದು.

ಕುಡಿತ ಬಿಡಿಸುವ ಮಾತು

"ಗುಟ್ಟಾಗಿ ಸಾರಿನಲ್ಲಿ ಹಾಕಿ, ಕುಡಿತ ಬಿಡ್ತಾನೆ" ಎಂದು ಪುಡಿ, ಮಾತ್ರೆ ಮಾರುವವರಿದ್ದಾರೆ. ನಂಬಬೇಡಿ. ಅಂಥ ಮಾತ್ರೆಯ ಮೇಲೆ ಹೆಂಡ ಕುಡಿದರೆ ವಾಂತಿಯಾಗಿ, ರಕ್ತದ ಒತ್ತಡ ಇಳಿದು ಜೀವವೇ ಹೋಗಬಹುದು. ಕುಡಿಯುವವರಿಗೆ ತಿಳಿಸಿ, ವೈದ್ಯರೇ ಕೊಡಬೇಕಾದ ಮದ್ದು ಅದು.

ಬಹಳ ವರ್ಷ ದಿನಾ ಕುಡಿದವರು ತಟ್ಟನೆ ಬಿಟ್ಟರೂ ತೊಂದರೆ. ಇಷ್ಟು ದಿನ ಮಂಕಾಗಿದ್ದ ಮೆದುಳು ಕೆರಳುತ್ತದೆ. ಕೈ ನಡುಗುತ್ತದೆ. ಫಿಟ್ಸ್ ಬರಬಹುದು. ಇಲ್ಲದ್ದು ಕಣ್ಣಿಗೆ ಕಾಣಬಹುದು. ಹಾಗೆಂದು ಕುಡಿಯುತ್ತಲೇ ಇರಲಿ ಎಂದಲ್ಲ. ಆಸ್ಪತ್ರೆಯ ಸಹಾಯದಿಂದ ಬಿಡಲಿ ಎಂದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆ ಬೇರೆ ವಿಭಾಗವೇ ಇದೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನೂ ಕೇಳಬಹುದು.

ಓದಿದ ಪಾಠಕ್ಕೆ ಬಲ ಇದೆ

ಪಾಠ ಓದಿದ ಹೆಂಗಸರು ಏನು ಮಾಡಬಲ್ಲರು? ಹೆಂಡದ ಮಾತು ಬಂದ ಕಡೆ ಆಂಧ್ರಪ್ರದೇಶದ ನೆಲ್ಲೂರು ಜಿಲ್ಲೆಯ ದೂಬಗುಂಟ ಗ್ರಾಮವನ್ನು ನೆನೆಯಬೇಕು. 1990ರ ದಶಕದ ಮೊದಲಲ್ಲಿ ಅಲ್ಲಿನ ಹೆಂಗಸರು ರಾತ್ರಿ ಸಾಕ್ಷರತಾ ಕೇಂದ್ರಕ್ಕೆ ಹೋಗುತ್ತಿದ್ದರು. ಪುಸ್ತಕದಲ್ಲಿ ಕುಡಿತದ ಪಾಠ ಇತ್ತು. ಓದಿದರು, ತಮ್ಮ ಮನೆಯ ಕಷ್ಟ ಮಾತಾಡಿಕೊಂಡರು. ಒಟ್ಟಾಗಿ ಹೋಗಿ ಊರಿನ ಸಾರಾಯಿ ಅಂಗಡಿ ಮುಚ್ಚಿಸಿದರು. ಊರಿಂದ ಊರಿಗೆ ಆ ಚಳವಳಿ ಹರಡಿತು. 1993ರಲ್ಲಿ ಆಂಧ್ರದಲ್ಲಿ ಸಾರಾಯಿ ನಿಂತಿತು.

ನಮ್ಮ ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಸಾರಾಯಿ ಹೋಯಿತು, ಬಾಟಲಿ, ಪ್ಯಾಕೆಟ್ಟು ಉಳಿದವು. ಅದರ ವಿರುದ್ಧ ಊರು ಒಟ್ಟಾಗುವ ಕೆಲಸ ದೊಡ್ಡದು. ಅದಕ್ಕೆ ದಿನ ಬೇಕು. ಆದರೆ ಇವತ್ತು ರಾತ್ರಿ ಒಬ್ಬರ ಉಸಿರು ಎಣಿಸಲು ಒಂದೇ ನಿಮಿಷ ಸಾಕು. ಕುಡಿದವನ ಮೇಲೆ ನಮಗೆ ಸಿಟ್ಟಿರಬಹುದು. ಸಿಟ್ಟು ನ್ಯಾಯವೇ. ಸಿಟ್ಟನ್ನು ನಾಳೆ ಆಡೋಣ. ಮೊದಲು ಉಸಿರು ಉಳಿಸೋಣ.

ನೆನಪಿಡೋಣ

ಎಬ್ಬಿಸಿದರೆ ಏಳುವುದು ನಿದ್ದೆ. ಎಬ್ಬಿಸಿದರೂ ಏಳದಿದ್ದರೆ ಅಪಾಯ.
ಹೆಂಡದ ಜೊತೆ ಮಾತ್ರೆ ಬೇಡ.
ಅಂಗಾತ ಬೇಡ, ಮಗ್ಗುಲು ಬೇಕು.
ಬಾಯಿಗೆ ಏನೂ ಬೇಡ, ಆಸ್ಪತ್ರೆ ಬೇಕು.
ಕರೆ ಮಾಡುವ ಸಂಖ್ಯೆ 108.

ಅಭ್ಯಾಸ

ಅ. ಖಾಲಿ ಜಾಗ ತುಂಬಿರಿ.
1. ಮೆದುಳು ಮತ್ತು ________ ಸೇರಿ ಕೇಂದ್ರ ನರಮಂಡಲ.
2. ಎಚ್ಚರ ಇಲ್ಲದವರನ್ನು ________ ಮಲಗಿಸಬೇಕು.
3. ಮಾತ್ರೆ ಪಟ್ಟಿಯ ಹಿಂದೆ ________ ಬಣ್ಣದ ಗೆರೆ ಇದ್ದರೆ ವೈದ್ಯರ ಚೀಟಿ ಬೇಕು.

ಆ. ಲೆಕ್ಕ ಮಾಡಿರಿ.
1. ಗಡಿಯಾರ ನೋಡಿಕೊಂಡು ಪಕ್ಕದವರ ಉಸಿರನ್ನು ಒಂದು ನಿಮಿಷ ಎಣಿಸಿ. ಪುಸ್ತಕದಲ್ಲಿ ಬರೆಯಿರಿ. 12ರಿಂದ 20ರ ಒಳಗೆ ಇದೆಯೇ?
2. ಒಂದು ಪ್ಯಾಕೆಟ್ಟಿನಲ್ಲಿ 90 ಎಂ.ಎಲ್. ಬ್ರಾಂಡಿ ಇದೆ. 90ರಲ್ಲಿ ಎಷ್ಟು 30? ಅದು ಮೈಯಿಂದ ಇಳಿಯಲು ಕಡಿಮೆ ಎಂದರೆ ಎಷ್ಟು ಗಂಟೆ ಬೇಕು?

ಇ. ಮಾಡಿ ನೋಡೋಣ.
ಇಬ್ಬರಿಬ್ಬರು ಜೊತೆಯಾಗಿ. ಒಬ್ಬರು ಚಾಪೆಯ ಮೇಲೆ ಅಂಗಾತ ಮಲಗಲಿ. ಇನ್ನೊಬ್ಬರು ಅವರನ್ನು ಎಡಮಗ್ಗುಲಿಗೆ ತಿರುಗಿಸಲಿ. ಕಾಲು ಮಡಿಸಿದಿರಾ? ಕೈ ಕೆನ್ನೆಯ ಕೆಳಗೆ ಇದೆಯಾ? ಬಾಯಿ ನೆಲದ ಕಡೆ ಇದೆಯಾ? ಆಮೇಲೆ ಜಾಗ ಬದಲಿಸಿಕೊಳ್ಳಿ.

ಈ. ಮಾತಾಡೋಣ.
1. "ಮಲಗ್ಲಿ ಬಿಡು" ಎಂದು ಮನೆಯ ಹಿರಿಯರು ಹೇಳಿದರೆ ಅವರಿಗೆ ಹೇಗೆ ತಿಳಿಸಿ ಹೇಳುತ್ತೀರಿ?
2. ನಿಮ್ಮ ಮನೆಯಲ್ಲಿ ಮಾತ್ರೆಗಳನ್ನು ಎಲ್ಲಿ ಇಟ್ಟಿದ್ದೀರಿ? ಮಕ್ಕಳ ಕೈಗೆ ಸಿಗುತ್ತವೆಯೇ?

ಉ. ಮನೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆಯಿರಿ: 108. ಅದರ ಕೆಳಗೆ ನಿಮ್ಮ ಊರಿನ ಹೆಸರನ್ನೂ ಗುರುತಿನ ಜಾಗವನ್ನೂ ಬರೆಯಿರಿ. ಗಾಬರಿಯಲ್ಲಿ ಯಾರೇ ಫೋನ್ ಮಾಡಿದರೂ ಓದಿ ಹೇಳಲು ಬರುತ್ತದೆ.